ಕಣ್ಣಿಗೊತ್ತಿಕೊಂಡ ಚೆಂಡು

ನೆನೆಸಿಟ್ಟ ಅವರೆಕಾಳು ಹಿತುಕುವಾಗ ನನ್ನ ಹತ್ತಿರ ಯಾರೂ ದೊಡ್ಡ ವಿಷಯ ಮಾತಾಡಬಾರದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳನ್ನಿಟ್ಟು ಒತ್ತಿದರೆ ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಮನಸ್ಸು ಒಂಚೂರು ಆಚೀಚೆ ಆದರೆ ಬೇಳೆ ಎತ್ತಲೋ ಹೋಗಿಬಿಡುತ್ತದೆ. ಆವತ್ತು ನಮ್ಮ ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು, "ಮೊದಲನೇ ಮ್ಯಾಚೇ ಹೊಳೆನರಸೀಪುರದವರ ಮೇಲೆ ಬಿತ್ತು ಕಣೇ ಜಯಾ," ಅಂದಾಗ ನನ್ನ ಕೈಯಿಂದ ಹಾರಿದ ಬೇಳೆ ಅವರ ಕನ್ನಡಕಕ್ಕೇ ಹೋಗಿ ಬಡಿಯಿತು. ಕನ್ನಡಕ ಇತ್ತು, ಕಣ್ಣು ಉಳಿಯಿತು. ಅದೊಂದು ಪುಣ್ಯ.

ನಮ್ಮ ಯಜಮಾನರು ಹಾಸನದ ಒಂದು ಕಾಲೇಜಿನಲ್ಲಿ ಆಟದ ಮೇಷ್ಟ್ರು. ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲಾ ಕಲಿಸಿ ಕಪ್ಪು ತಂದವರು. ನಾಲ್ಕು ವರ್ಷದ ಹಿಂದೆ ಯಾವುದೋ ಶಿಬಿರಕ್ಕೆ ಹೋಗಿ ಬೇಸ್‌ಬಾಲ್ ಎಂಬ ಆಟವನ್ನು ಅಂಟಿಸಿಕೊಂಡು ಬಂದರು. ಕೆಲವರು ಯಾತ್ರೆಗೆ ಹೋಗಿ ಕೆಮ್ಮು ತರುತ್ತಾರಲ್ಲ, ಹಾಗೆ. ಹುಡುಗಿಯರ ತಂಡ ಕಟ್ಟಿದರು. ನಾಲ್ಕು ವರ್ಷದಲ್ಲಿ ಆ ತಂಡ ಒಂದೇ ಒಂದು ಮ್ಯಾಚೂ ಗೆದ್ದಿಲ್ಲ. ಹೋದ ವರ್ಷ ಚನ್ನರಾಯಪಟ್ಟಣದಲ್ಲಿ ಎಷ್ಟು ಬೇಗ ಸೋತರೆಂದರೆ, ಮಧ್ಯಾಹ್ನಕ್ಕೆ ಅಂತ ನಾನು ಕಟ್ಟಿಕೊಟ್ಟ ಪುಳಿಯೋಗರೆ ಬಿಸಿಬಿಸಿಯಾಗೇ ಮನೆಗೆ ವಾಪಸ್ ಬಂತು. ಈ ಮೇ ತಿಂಗಳಿಗೆ ಅವರಿಗೆ ರಿಟೈರ್‌ಮೆಂಟು. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಆದರೆ ಊಟಕ್ಕೆ ಕೂತಾಗ ಸಾರಿನಲ್ಲಿ ಬೆರಳಾಡಿಸುತ್ತಾ, "ಒಂದು, ಒಂದೇ ಒಂದು ಗೆದ್ದುಬಿಟ್ಟಿದ್ರೆ ಸಾಕಿತ್ತು ಕಣೇ," ಅಂದಿದ್ದರು. ಗಂಡಸರು ಸಾರಿಗೆ ಉಪ್ಪು ಕಮ್ಮಿ ಅನ್ನುವುದನ್ನು ಎಷ್ಟು ಸಲ ಕೇಳಿದರೂ ನನಗೆ ಏನೂ ಅನ್ನಿಸುವುದಿಲ್ಲ. ಈ ಮಾತು ಮಾತ್ರ ಕರುಳಿಗೆ ತಾಗಿತು. ಅವತ್ತಿನಿಂದ ನಮ್ಮ ಮನೆದೇವರು ಲಕ್ಷ್ಮೀನರಸಿಂಹಸ್ವಾಮಿಗೆ ಸೊಪ್ಪು ತರಕಾರಿಯ ವಿಷಯದ ಜೊತೆ ಬೇಸ್‌ಬಾಲ್ ವಿಷಯವನ್ನೂ ದಿನಾ ಅರಿಕೆ ಮಾಡತೊಡಗಿದೆ. ಆಮೇಲೆ ಹೊಳೆಯಿತು, ಸ್ವಾಮಿ ಇರುವುದು ಹೊಳೆನರಸೀಪುರದಲ್ಲಿ. ಎದುರಾಳಿಗಳೂ ಅದೇ ಊರಿನವರು. ಅವರ ಅರ್ಜಿ ನನಗಿಂತ ಹತ್ತಿರದಿಂದ ಹೋಗುತ್ತಿರುತ್ತದೆ.

ನನಗೆ ಈ ಆಟ ಹತ್ತಿದ್ದು ಹೇಗೆಂದರೆ, ಅಮೆರಿಕದ ದೊಡ್ಡ ದೊಡ್ಡ ಆಟಗಾರರ ವಿಡಿಯೋಗಳನ್ನು ಇವರು ಅಡುಗೆಮನೆಯಲ್ಲೇ ನೋಡುತ್ತಾರೆ. ಫೋನನ್ನು ಹುರಿಗಡಲೆ ಡಬ್ಬಕ್ಕೆ ಒರಗಿಸಿ ನಿಲ್ಲಿಸುವುದು, ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ಬರೆಯುವುದು. ಅಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಅನ್ನುತ್ತಾರೆ. ಸಂಬಳಕ್ಕೆ ಎಸೆಯುತ್ತಾರಂತೆ, ಅದೇ ಉದ್ಯೋಗವಂತೆ. ಅವರು ಎಸೆಯುವುದರಲ್ಲೂ ನಾಲ್ಕಾರು ಬಗೆ. ಫಾಸ್ಟ್‌ಬಾಲ್ ಅಂದರೆ ಸುಮ್ಮನೆ ನೇರ, ಜೋರು. ಕರ್ವ್ ಅಂದರೆ ಬರುತ್ತಾ ಬರುತ್ತಾ ನಿಧಾನವಾಗಿ ಕೆಳಕ್ಕೆ ಬಾಗಿ ಇಳಿಯುವುದು. ಸ್ಲೈಡರ್ ಅಂದರೆ ನಮ್ಮ ನಾದಿನಿಯ ಮಾತಿನ ಹಾಗೆ, ನೆಟ್ಟಗೆ ಬಂದು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಜರಗಿಕೊಳ್ಳುವುದು. ಇನ್ನು ಚೇಂಜ್‌ಅಪ್ ಅನ್ನುವುದು ನನಗೆ ಬಹಳ ಇಷ್ಟವಾಯಿತು. ಕೈ ಬೀಸುವುದು ಭಾರೀ ಜೋರು, ಚೆಂಡು ಮಾತ್ರ ನಿಧಾನ. ಮದುವೆ ಮನೆಗಳಲ್ಲಿ ತುಪ್ಪ ಬಡಿಸುವವರ ಕೈ ನೋಡಿದ್ದೀರಲ್ಲ? ಭುಜದಿಂದ ಬೀಸಿ ಬಡಿಸುತ್ತಾರೆ, ಎಲೆಗೆ ಬೀಳುವುದು ಮೂರು ತೊಟ್ಟು.

ಒಂದು ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಾ ಫೋನಿನ ಕಡೆ ನೋಡಿ, "ಇವನು ಈಗ ನಿಧಾನದ್ದು ಹಾಕ್ತಾನೆ ನೋಡಿ," ಅಂದೆ. ಹಾಕಿದ. "ಈಗ ಜೋರು," ಅಂದೆ. ಅದೂ ಆಯಿತು. ಯಜಮಾನರು ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಹೆಣ್ಣು ನೋಡಲು ಬಂದಾಗ ಬಿಟ್ಟರೆ ಅವತ್ತೇ. ಇದರಲ್ಲಿ ವಿದ್ಯೆ ಏನೂ ಇಲ್ಲ. ಆ ಪಿಚರ್ ಚೆಂಡನ್ನು ಕೈಗವಸಿನೊಳಗೆ ಹಿಡಿದುಕೊಳ್ಳುವಾಗ, ನಿಧಾನದ್ದಕ್ಕೆ ಇಡೀ ಅಂಗೈ ಒಳಗೆ ತುರುಕಬೇಕು, ಮೊಣಕೈ ಒಂದು ಗೆಣ್ಣಿನಷ್ಟು ಹೊರಕ್ಕೆ ಸರಿಯುತ್ತದೆ. ಪಕ್ಕದ ಮನೆಯವರು ನಮ್ಮ ಸಕ್ಕರೆ ಡಬ್ಬಕ್ಕೆ ಕೈ ಹಾಕಿದಾಗ ಚಿಟಿಕೆ ತೆಗೆಯುತ್ತಾರೋ ಹಿಡಿ ತುಂಬ ತೆಗೆಯುತ್ತಾರೋ ಅಂತ ಬೆನ್ನ ಹಿಂದೆ ನಿಂತೇ ಮೊಣಕೈ ನೋಡಿ ಹೇಳಬಲ್ಲೆ ನಾನು. ಯಾವ ಹೆಂಗಸಾದರೂ ಹೇಳಬಲ್ಲಳು.

ಹಾಗಾಗಿ ಕನ್ನಡಕ ಒರೆಸಿಕೊಂಡು ಅವರು ಹೇಳಿದ್ದು ಇಷ್ಟು. ಹೊಳೆನರಸೀಪುರದವರ ಬಲವೆಲ್ಲ ಒಬ್ಬಳೇ ಹುಡುಗಿ, ಚೈತ್ರ ಅಂತ, ಪಿಚರ್. ಅವಳ ಕೈ ಓದಿಕೊಂಡು ಬಂದರೆ ಗೆದ್ದ ಹಾಗೆ. ಇವರು ಹೋದರೆ ಎಲ್ಲರಿಗೂ ಮುಖ ಗೊತ್ತು. ನಾನು ಹೋದರೆ ದೇವಸ್ಥಾನಕ್ಕೆ ಬಂದ ಹೆಂಗಸು. ಬಸ್ಸಿಗೆ ಆಧಾರ್ ಕಾರ್ಡು ತೋರಿಸಿದರಾಯಿತು. "ದೇವರ ಹೆಸರು ಹೇಳ್ಕೊಂಡು ಬೇಹುಗಾರಿಕೆಗೆ ಹೋಗು ಅಂತೀರಾ?" ಅಂತ ಕೇಳಿದೆ. "ದೇವಸ್ಥಾನಕ್ಕೆ ನಿಜವಾಗ್ಲೂ ಹೋಗು, ಆಮೇಲೆ ಕಾಲೇಜ್ ಗ್ರೌಂಡ್‌ಗೆ ಹೋಗು. ಸುಳ್ಳೆಲ್ಲಿ ಬಂತು?" ಅಂದರು. ಆಟದ ಮೇಷ್ಟ್ರಾದರೂ ವಕೀಲರಾಗಬೇಕಿತ್ತು.

ಹೋದೆ. ಸ್ವಾಮಿಗೆ ತುಳಸಿ ಹಾರ ಕೊಟ್ಟು, ಮಂಗಳಾರತಿ ತೆಗೆದುಕೊಂಡು, ಗ್ರೌಂಡಿನ ಬೇವಿನ ಮರದ ಕೆಳಗೆ ಹೋಗಿ ಕೂತೆ. ಹತ್ತು ನಿಮಿಷಕ್ಕೆ ನನ್ನ ವಯಸ್ಸಿನವರೇ ಒಬ್ಬರು ಬಂದು ಪಕ್ಕದಲ್ಲಿ ಕೂತರು. ಸುಶೀಲಮ್ಮ ಅಂತ. ಚೈತ್ರಳ ತಾಯಿ. ಯಾವ ಊರು ಏನು ಅಂತ ವಿಚಾರಿಸಿದರು. ಸುಳ್ಳು ಹೇಳಬಾರದು ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಹಾಸನ ಅಂದೆ, ತವರು ಅರಕಲಗೂಡು ಅಂದೆ, ದೇವಸ್ಥಾನಕ್ಕೆ ಬಂದಿದ್ದೆ, ಬಸ್ಸಿಗಿನ್ನೂ ಹೊತ್ತಿದೆ ಅಂದೆ. ಒಂದೊಂದೂ ಸತ್ಯ. ಅಷ್ಟು ಸತ್ಯಗಳನ್ನು ಜೋಡಿಸಿ ಅಂಥ ದೊಡ್ಡ ಮೋಸ ಮಾಡಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅವರ ನಾದಿನಿಯನ್ನು ಕೊಟ್ಟಿರುವುದು ಅರಕಲಗೂಡಿನ ಪಕ್ಕದ ಕೊಣನೂರಿಗಂತೆ. ಅರಕಲಗೂಡು ಅಂದಿದ್ದೇ ತಡ, ನನ್ನನ್ನು ನೆಂಟರ ಲೆಕ್ಕಕ್ಕೆ ಸೇರಿಸಿಕೊಂಡು ಡಬ್ಬಿ ಬಿಚ್ಚಿದರು. "ತಗಳಿ ಅಕ್ಕಾ, ಕೋಡುಬಳೆ. ರಾತ್ರಿ ಮಾಡಿದ್ದು, ಗರಿಗರಿಯಾಗವೆ. ನೋಡಿ, ಅಲ್ಲಿ ಬಾಲ್ ಎಸೀತಾವ್ಳಲ್ಲ, ಅವ್ಳೇ ನಮ್ ಉಡ್ಗಿ ಕಣಕ್ಕಾ," ಅಂದರು. ಕೋಡುಬಳೆ ಬಹಳ ಚೆನ್ನಾಗಿತ್ತು. ನಾಲ್ಕು ತಿಂದೆ. ಅದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅದು ನನ್ನ ಹೊಟ್ಟೆಯೊಳಗೆ ಬಹಳ ಮಾತಾಡಿತು.

ಹುಡುಗಿ ಜಾಣೆ. ಕಾಲು ಎತ್ತುವುದು, ಭುಜ ತಿರುಗಿಸುವುದು ಎಲ್ಲಾ ಒಂದೇ ಅಳತೆ. ಮೊಣಕೈಯಲ್ಲಿ ಗುಟ್ಟೇ ಇಲ್ಲ. ಜೋರಾದ ಬಾಲು, ನಿಧಾನವಾಗಿ ಬಾಗುವ ಬಾಲು, ಎರಡೇ ಬಗೆ. ಆದರೆ ಯಾವುದು ಯಾವಾಗ ಬರುತ್ತದೆ ಅನ್ನುವುದೇ ತಿಳಿಯದು. ಬಸ್ಸಿನ ಹೊತ್ತಾಗುತ್ತಾ ಬಂತು. ಬರಿಗೈಲಿ ಹೋಗುವುದಾಯಿತು ಅಂದುಕೊಳ್ಳುವಷ್ಟರಲ್ಲಿ ಕಣ್ಣಿಗೆ ಬಿತ್ತು. ಬಾಗುವ ಬಾಲಿಗೆ ಮೊದಲು ಅವಳು ತಿರುಗಿ ನಿಂತು, ಚೆಂಡನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು, ಪ್ರಸಾದದ ಹೂವು ಒತ್ತಿಕೊಳ್ಳುವ ಹಾಗೆ. ಜೋರು ಬಾಲಿಗೆ ಅದಿಲ್ಲ. ಮೂವತ್ತು ಬಾಲು ನೋಡಿದೆ, ಒಂದಕ್ಕೂ ತಪ್ಪಲಿಲ್ಲ. ನನಗೆ ತಕ್ಷಣ ಅರ್ಥವಾಯಿತು, ಏಕೆಂದರೆ ನಾನೂ ಅದೇ ಜಾತಿ. ಉಪ್ಪಿಟ್ಟು ಮಾಡುವಾಗ ನಾನು ಯಾವತ್ತೂ ದೇವರನ್ನು ಕರೆದಿಲ್ಲ. ಮೈಸೂರು ಪಾಕಿಗೆ ಪಾಕ ಇಟ್ಟರೆ ಮಾತ್ರ ಒಲೆಗೆ ಕೈಮುಗಿಯುತ್ತೇನೆ. ಆ ಮಗುವಿಗೆ ಆ ಬಾಗುವ ಬಾಲಿನ ಮೇಲೆ ನಂಬಿಕೆ ಸಾಲದು, ಅಷ್ಟೇ.

ಮನೆಗೆ ಬಂದು ಹೇಳಿದೆ. ಯಜಮಾನರಿಗೆ ಆದ ಸಂತೋಷ ನೋಡಬೇಕಿತ್ತು. "ಕಣ್ಣಿಗೊತ್ತಿಕೊಂಡರೆ ಕಾಯಿರಿ, ಇಲ್ಲದಿದ್ದರೆ ಬೀಸಿರಿ" ಅಂತ ಒಂದು ವಾರ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದರು. ಮನೆಯಲ್ಲೂ ಸ್ನಾನಕ್ಕೆ ಹೋಗುವಾಗ ಅದನ್ನೇ ಗುನುಗುವುದು. ನನಗೆ ಮಾತ್ರ ದೇವರ ಮನೆಗೆ ಹೋದರೆ ಸ್ವಾಮಿಯ ಪಟದ ಕಡೆ ನೆಟ್ಟಗೆ ನೋಡಲಾಗುತ್ತಿರಲಿಲ್ಲ. ಒಂದು ಹುಡುಗಿ ಹೆದರಿಕೊಂಡು ನಿನ್ನನ್ನು ನೆನೆಯುವುದನ್ನೇ ಗುಟ್ಟು ಮಾಡಿ ಮಾರಿಬಿಟ್ಟೆನಲ್ಲಪ್ಪ ಅಂತ. ಅದೂ ಅವರಮ್ಮನ ನಾಲ್ಕು ಕೋಡುಬಳೆ ತಿಂದು. ಸ್ವಾಮಿ ಉಗ್ರನರಸಿಂಹನಲ್ಲ, ಲಕ್ಷ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಶಾಂತಸ್ವರೂಪ. ಅದೊಂದು ಪುಣ್ಯ.

ಮ್ಯಾಚು ಹಾಸನದಲ್ಲೇ. ನಾನು ಗ್ರೌಂಡಿಗೆ ಹೋಗುವಷ್ಟರಲ್ಲಿ ಸುಶೀಲಮ್ಮ ನನ್ನನ್ನು ದೂರದಿಂದಲೇ ಗುರುತು ಹಿಡಿದು, ಪಕ್ಕದ ಜಾಗಕ್ಕೆ ಟವೆಲ್ ಹಾಕಿ ಹಿಡಿದಿಟ್ಟರು. ಇವತ್ತು ನಿಪ್ಪಟ್ಟು ತಂದಿದ್ದರು. ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ನನ್ನ ಗಟ್ಟಿತನವೆಲ್ಲ ಕರಗಿಹೋಯಿತು. ಗಂಡನಿಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಾರೆ, ಈ ಕಡೆ ಒಂದು ಮಾತು ಹೇಳಿದರೆ ತಕ್ಕಡಿ ಸಮ ಆಗುತ್ತದೆ, ಆಮೇಲೆ ಸ್ವಾಮಿಯ ಚಿತ್ತ ಅನ್ನಿಸಿತು. "ಸುಶೀಲಮ್ಮ, ನಿಮ್ಮ ಮಗಳು ಒಂದೊಂದು ಬಾಲನ್ನ ಕಣ್ಣಿಗೊತ್ತಿಕೊಳ್ತಾಳೆ, ಒಂದೊಂದನ್ನ ಹಾಗೇ ಬಿಡ್ತಾಳೆ. ಕಷ್ಟದ್ದಕ್ಕೆ ಮಾತ್ರ ದೇವರು, ಸುಲಭದ್ದಕ್ಕೆಲ್ಲ ನಾನೇ ಅಂದ್ರೆ ಸ್ವಾಮಿಗೆ ಬೇಜಾರಾಗಲ್ವಾ? ಒತ್ತಿಕೊಂಡರೆ ಎಲ್ಲಾ ಬಾಲೂ ಒತ್ತಿಕೊಳ್ಳಲಿ ಅಂತ ಹೇಳಿ," ಅಂದೆ. ಅವರು ಅಂಗೈ ಎದೆಗಿಟ್ಟುಕೊಂಡು, "ಊಂ ಕಣಕ್ಕಾ, ಇದು ನಂಗೆ ವಳೀಲೇ ಇಲ್ವಲ್ಲ," ಅಂದವರೇ ಸೆರಗು ಸಿಕ್ಕಿಸಿಕೊಂಡು ಮಗಳ ಹತ್ತಿರ ಓಡಿದರು.

ಆಟ ಶುರುವಾಯಿತು. ಚೈತ್ರ ಪ್ರತಿ ಬಾಲನ್ನೂ ಕಣ್ಣಿಗೊತ್ತಿಕೊಂಡಳು. ನಮ್ಮ ಹುಡುಗಿಯರು ಬಾಯಿಪಾಠ ಮಾಡಿದ ಹಾಗೆ ಪ್ರತಿ ಬಾಲಿಗೂ ಕಾದರು. ನಿಧಾನದ್ದು ಬರುತ್ತದೆ ಅಂತ ಕಾಯುವುದು, ಅದು ಜೋರಾಗಿ ಬಂದು ಹೋಗಿಬಿಡುವುದು. ಬ್ಯಾಟು ಭುಜದಿಂದ ಕೆಳಗಿಳಿಯಲೇ ಇಲ್ಲ. ಈ ಆಟದಲ್ಲಿ ಸರಿಯಾಗಿ ಬಂದ ಮೂರು ಬಾಲನ್ನು ಹೊಡೆಯದೆ ಬಿಟ್ಟರೆ ಔಟು. ಒಬ್ಬೊಬ್ಬರೇ ಔಟಾಗಿ ಬಂದು ಕೂತರು. ಆ ಕಡೆಯವರು ಎರಡು ರನ್ ಮಾಡಿಕೊಂಡರು. ಯಜಮಾನರ ಮುಖ ನೋಡಿದೆ. ಅವತ್ತು ಸಾರಿನಲ್ಲಿ ಬೆರಳಾಡಿಸಿದಾಗ ಇದ್ದ ಮುಖವೇ. ಮೂವತ್ತೊಂದು ವರ್ಷ ಬಾಳಿದ ಗಂಡನ ಕೊನೇ ಆಸೆಗೆ ನಾನೇ ತಣ್ಣೀರೆರಚಿದೆನಲ್ಲ ಅಂತ, ಅರ್ಧ ಕಚ್ಚಿದ ನಿಪ್ಪಟ್ಟನ್ನು ಕೈಯಲ್ಲೇ ಹಿಡಿದು ಕೂತೆ.

ಕೊನೇ ಸುತ್ತು ಬಂತು. ನಮಗೆ ಗೆಲ್ಲಲು ಮೂರು ರನ್ ಬೇಕು. ಅಷ್ಟರಲ್ಲಿ ಅಂಪೈರು ಗಡಿಯಾರ ನೋಡಿಕೊಂಡರು. ಪ್ರತಿ ಬಾಲಿಗೂ ಈ ಹುಡುಗಿ ತಿರುಗಿ ನಿಂತು, ಕಣ್ಣುಮುಚ್ಚಿ, ಒತ್ತಿಕೊಂಡು ಹಾಕುವುದರೊಳಗೆ ಬಿಸಿಲು ನೆತ್ತಿಗೇರಿತ್ತು. "ಬೇಗ ಹಾಕಮ್ಮ, ತಡ ಮಾಡಿದ್ರೆ ತಪ್ಪು ಬಾಲ್ ಅಂತ ಕೊಡ್ತೀನಿ," ಅಂದರು. ಹುಡುಗಿ ಗಾಬರಿಯಾದಳು. ಒಂದು ಬಾಲನ್ನು ಒತ್ತಿಕೊಳ್ಳದೆ ಹಾಕಿದಳು. ಅದು ಹಿಂದೆ ಕೂತು ಹಿಡಿಯುವವಳ ತಲೆ ಮೇಲೆ ಹಾರಿ ಬೇಲಿಗೆ ಹೋಯಿತು. ಮುಗಿಯಿತಲ್ಲ ಕತೆ. ಸಂಕಲ್ಪ ಮಾಡಿ ಹಿಡಿದ ವ್ರತವನ್ನು ನಡುವೆ ಬಿಟ್ಟರೆ ಏನಾಗುತ್ತದೆ ಅಂತ ಕಣ್ಣೆದುರಿಗೇ ಕಂಡಮೇಲೆ ನಮ್ಮ ಕಡೆಯ ಯಾವ ಹೆಣ್ಣುಮಗಳು ತಾನೇ ಬಿಟ್ಟಾಳು? ಮತ್ತೆ ಒತ್ತಿಕೊಳ್ಳತೊಡಗಿದಳು, ಅಂಪೈರು ತಡವೆಂದು ತಪ್ಪು ಕೊಡತೊಡಗಿದರು. ಅವಸರಕ್ಕೆ ಒಂದು ಎಡಕ್ಕೆ, ಒಂದು ಬಲಕ್ಕೆ. ಈ ಆಟದಲ್ಲಿ ಹೀಗೆ ನಾಲ್ಕು ತಪ್ಪು ಬಾಲು ಬಿದ್ದರೆ ಬ್ಯಾಟು ಹಿಡಿದವಳು ಹೊಡೆಯದೆಯೇ ನಡೆದುಕೊಂಡು ಮೊದಲನೇ ಬೇಸಿಗೆ ಹೋಗಬಹುದು. ಹಿಂದೆ ಬಂದವಳು ಮುಂದಿನವಳನ್ನು ತಳ್ಳುತ್ತಾಳೆ, ಛತ್ರದಲ್ಲಿ ಊಟದ ಪಂಕ್ತಿ ಸರಿದ ಹಾಗೆ; ಮೂರು ಬೇಸ್ ಸುತ್ತಿ ಹೊರಟ ಜಾಗಕ್ಕೆ ಬಂದರೆ ಒಂದು ರನ್. ನಮ್ಮ ಹುಡುಗಿಯರು ಬೀಸಿದ್ದರೆ ಔಟಾಗುತ್ತಿದ್ದರೋ ಏನೋ. ಕಾಯಿರಿ ಅಂದಿದ್ದರಲ್ಲ, ಕಾದರು. ಅವರ ಕಡೆ ಬೇರೆ ಪಿಚರ್ ಇರಲಿಲ್ಲ. ಆರು ಜನ ಸಾಲಾಗಿ ನಡೆದರು. ಮೂರು ರನ್ ಬಂತು. ನಾವು ಗೆದ್ದೆವು.

ಯಜಮಾನರು ಚಿಕ್ಕ ಮಕ್ಕಳ ಹಾಗೆ ಟೋಪಿ ಎಸೆದು ನನ್ನ ಕಡೆಗೇ ಓಡಿ ಬಂದರು. ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ ಸುಶೀಲಮ್ಮನಿಗೆ, ಕೇಳದೆಯೇ, "ನಮ್ಮ ಮನೆಯವರು ಇವರು. ಇವರಿಂದ್ಲೇ ಗೆದ್ದಿದ್ದು ನಾವು," ಅಂದವರೇ ವಾಪಸ್ ಹುಡುಗಿಯರ ಕಡೆಗೆ ಓಡಿದರು. ಸುಶೀಲಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಅರ್ಧ ನಿಪ್ಪಟ್ಟನ್ನೂ ನೋಡಿದರು. ಡಬ್ಬಿಯ ಮುಚ್ಚಳ ಹಾಕಿಕೊಂಡು, "ಓ, ಕೋಚ್ ಸಾ ಮನೆಯೋರಾ ನೀವು? ಬೋ ಚೆಂದಾಗಿ ಏಳ್ಕೊಟ್ರಿ ಕಣಕ್ಕಾ, ಎಲ್ಲಾ ಬಾಲೂ ಕಣ್ಣಿಗೊತ್ಕಳ್ಳಿ ಅಂತ. ಅದ್ನ ತಿನ್ನಿ, ಬಿಸಾಕ್ಬೇಡಿ," ಅಂದು ಮಗಳನ್ನು ಕರೆದುಕೊಂಡು ಹೊರಟರು.

ಇಡೀ ವ್ಯವಹಾರದಲ್ಲಿ ನಾನು ಒಂದು ಕಡೆ ಮಾಡಿದ್ದು ಮೋಸ, ಇನ್ನೊಂದು ಕಡೆ ಮಾಡಿದ್ದು ಒಳ್ಳೆಯದು. ಮೋಸ ಮಾಡಿದ್ದು ಸುಶೀಲಮ್ಮನಿಗೆ, ಅವರು ಮೊದಲ ದಿನ ಏನೂ ಅರಿಯದೆ ಕೋಡುಬಳೆ ಕೊಟ್ಟರು. ಒಳ್ಳೆಯದು ಮಾಡಿದ ದಿನ ಅವರೇ ನನ್ನನ್ನು ಕಳ್ಳಿ ಅಂದುಕೊಂಡು ಹೋದರು. ಗಂಡನಿಗೆ ನಾನು ಎಸಗಿದ ದ್ರೋಹಕ್ಕೆ ಅವರು ಊರೆಲ್ಲ ಕೇಳುವ ಹಾಗೆ ನನ್ನನ್ನು ಹೊಗಳುತ್ತಿದ್ದಾರೆ. ನಿಜ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. "ನಿನ್ನ ರಿಪೋರ್ಟು ಅಕ್ಷರಶಃ ಸರಿ ಕಣೇ, ಒತ್ತಿಕೊಂಡಾಗೆಲ್ಲ ಕಾದ್ರು, ಗೆದ್ರು," ಅಂತ ಅವರು ಮುಖ ಅರಳಿಸಿದಾಗ ಬಾಯಿ ತಾನಾಗಿ ಮುಚ್ಚಿಕೊಂಡಿತು. ಸ್ವಾಮಿಗೆ ಮಾತ್ರ ಎಲ್ಲ ಹೇಳಿದೆ. ಅವನು ನಗುತ್ತಿದ್ದನೋ, ಪಟವೇ ಹಾಗಿದೆಯೋ.

ಸಾಯಂಕಾಲ ಯಜಮಾನರು ತಂಡದ ಅಂಗಿ ಪ್ಯಾಂಟುಗಳ ಮೂಟೆ ತಂದು ಬಚ್ಚಲ ಮುಂದೆ ಇಳಿಸಿದರು. ಒಂದೊಂದೇ ಬಿಡಿಸಿ ನೋಡಿದೆ. ಓಡಿ, ಜಾರಿ, ಬಿದ್ದು ಆಡುವ ಆಟದ ಬಟ್ಟೆ. ಮೊಣಕಾಲಿಗೆ, ಸೊಂಟಕ್ಕೆ ಹತ್ತುವ ಕೆಮ್ಮಣ್ಣಿನ ಕಲೆ ಈ ಸಲ ಒಂದರಲ್ಲೂ ಇರಲಿಲ್ಲ. ಎಲ್ಲರೂ ನಡೆದೇ ಗೆದ್ದವರು. ಉಜ್ಜುವ ಕೆಲಸ ತಪ್ಪಿತು. ಅದೊಂದು ಪುಣ್ಯ ಅಂದುಕೊಳ್ಳುತ್ತಿದ್ದ ಹಾಗೇ, ಇಷ್ಟು ಶುಭ್ರವಾದ ಬಟ್ಟೆ ನೋಡಿದರೆ, ಆ ಹುಡುಗಿ ಇವತ್ತು ಮಾತ್ರ ಎಲ್ಲಾ ಬಾಲನ್ನೂ ಯಾಕೆ ಒತ್ತಿಕೊಂಡಳು ಅಂತ ಅವರು ಯೋಚನೆ ಮಾಡಲು ಕೂತುಬಿಟ್ಟಾರು ಅನ್ನಿಸಿತು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಎಲ್ಲವನ್ನೂ ಬೇಗ ಬೇಗ ಬಕೆಟ್ಟಿಗೆ ತುಂಬಿ, ಬೇಕಾದ್ದಕ್ಕಿಂತ ಎರಡು ಹಿಡಿ ಜಾಸ್ತಿಯೇ ಸೋಪಿನ ಪುಡಿ ಹಾಕಿ ನೆನೆಸಿದೆ.