ಅಲ್ಲಾಡಿಸಿ ಕೊಂಡ ಗ್ರಾಫಿಕ್ಸ್ ಕಾರ್ಡು

ಕಳೆದ ಶ್ರಾವಣದ ಒಂದು ಸೋಮವಾರ, ದೇವಸ್ಥಾನದಿಂದ ನೇರವಾಗಿ ಬಂದ ನಮ್ಮ ದೊಡ್ಡಮ್ಮ, ತಿಪಟೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಹೊಚ್ಚಹೊಸ ಗ್ರಾಫಿಕ್ಸ್ ಕಾರ್ಡನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಪಕ್ಕದಲ್ಲೇ ನಿಂತಿದ್ದ ನಾನು ಇದಕ್ಕೆ ಪ್ರತ್ಯಕ್ಷ ಸಾಕ್ಷಿ.

"ಅಮ್ಮಾ, ಅಲ್ಲಾಡಿಸಬ್ಯಾಡಿ!" ಅಂಗಡಿಯವರು ಕೌಂಟರಿನ ಮೇಲಿಂದಲೇ ಬಗ್ಗಿ ಕೈ ಚಾಚಿದರು.

"ಸದ್ದೇ ಬರಲ್ವಲ್ಲಪ್ಪ! ಇನ್ನೂ ಹಸಿ ಇದ್ದಂಗೈತೆ."

"ಸದ್ದು ಬಂದ್ರೆ ಕೆಟ್ಟೋಗೈತೆ ಅಂತ ಕಣಮ್ಮ!"

"ಓ, ಹಂಗಾ? ಎಳನೀರಿನ ಲೆಕ್ಕ ಅನ್ನು."

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆ ಸದ್ದು ಬಂದರೆ ಕೊಬ್ಬರಿ ಮಾಗಿದೆ ಎಂದು ಅರ್ಥ. ಹುಟ್ಟಿದಾಗಿನಿಂದ ಈ ಸದ್ದು ಕೇಳಿ ಬೆಳೆದ ದೊಡ್ಡಮ್ಮ ಏನನ್ನೇ ಕೊಂಡರೂ ಮೊದಲು ಅಲ್ಲಾಡಿಸುತ್ತಾರೆ. ಟಾರ್ಚು, ಮಿಕ್ಸಿ, ಗೋಡೆ ಗಡಿಯಾರ, ಯಾವುದನ್ನೂ ಬಿಟ್ಟಿಲ್ಲ. ಅವರು ಅಲ್ಲಾಡಿಸದೆ ಒಪ್ಪಿಕೊಂಡದ್ದು ನಮ್ಮ ದೊಡ್ಡಪ್ಪನನ್ನು ಮಾತ್ರ ಎಂದು ನಮ್ಮಮ್ಮ ತಮಾಷೆ ಮಾಡುವುದುಂಟು. "ಅಲ್ಲಾಡಿಸಿದ್ರೆ ಆವತ್ತೇ ಗೊತ್ತಾಗೋದು, ಬರೀ ನೀರು ಅಂತ" ಎಂಬುದು ಅದಕ್ಕೆ ದೊಡ್ಡಮ್ಮನ ಉತ್ತರ.

ಮೊಮ್ಮಕ್ಕಳನ್ನು ಕಂಡ ಹೆಂಗಸಿಗೆ ಗ್ರಾಫಿಕ್ಸ್ ಕಾರ್ಡು ಯಾಕೆ ಬೇಕಾಯಿತು? ಅಂಗಡಿಯವರೂ ಇದನ್ನೇ ಕೇಳಿದರು. "ಮೊಮ್ಮಗನಿಗಾ ಅಮ್ಮಾ?"

"ನಂಗೇ ಕಣಪ್ಪ. ಲಾರಿ ಓಡಿಸ್ತೀನಿ."

ಇದು ಸತ್ಯ. ಮಗಳು ಮದುವೆಯಾಗಿ ಚಿಕ್ಕನಾಯಕನಹಳ್ಳಿಗೆ ಹೋಗುವಾಗ ತನ್ನ ಕಂಪ್ಯೂಟರನ್ನು ತವರಿನಲ್ಲೇ ಬಿಟ್ಟಿದ್ದಳು. ಅದರಲ್ಲಿ ಲಾರಿ ಓಡಿಸುವ ಆಟವೊಂದಿತ್ತು. ಯುರೋಪಿನ ಊರಿಂದ ಊರಿಗೆ ಸರಕು ಸಾಗಿಸುವುದು, ಗೋದಾಮಿನ ಬಾಗಿಲಿಗೆ ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸುವುದು, ಇಷ್ಟೇ ಆಟ. ಮಗಳು ರಜೆಗೆ ಬಂದಾಗ ಹೇಳಿಕೊಟ್ಟಳು. ಆಡಲು ಬೇಕಾದ ಸ್ಟಿಯರಿಂಗನ್ನೂ ಪೆಡಲುಗಳನ್ನೂ ಅವಳೇ ತಂದುಕೊಟ್ಟಳು. ದೊಡ್ಡಮ್ಮ ಹಿಡಿದ ಸ್ಟಿಯರಿಂಗ್ ಬಿಡಲಿಲ್ಲ. ಆದರೆ ಅವರದು ಒಂದು ಷರತ್ತು: ಇಂಗ್ಲೆಂಡ್ ಬಿಟ್ಟು ಆಚೆಗೆ ಬಾಡಿಗೆ ಹೊಡೆಯುವುದಿಲ್ಲ!

"ಸಮುದ್ರ ದಾಟಿದ್ರೆ ಎಲ್ಲಾ ಬಲಗಡೆ ಓಡಿಸ್ತಾರೆ ಕಣಪ್ಪ. ಇಂಗ್ಲೆಂಡ್ನೋರು ವಾಸಿ, ನಮ್ಮಂಗೇ ಎಡಗಡೆ."

ದೊಡ್ಡಪ್ಪನಿಗೆ ಇದು ದಿನದ ನಗೆಮಾತು. ಮನೆಗೆ ಯಾರಾದರೂ ಬಂದರೆ ಜಗಲಿಯಿಂದಲೇ ಹೇಳುತ್ತಿದ್ದರು: "ಕಾಫಿ ತಡ ಆಯ್ತದೆ, ಕೂತ್ಕಳಿ. ನಮ್ಮನೆಯೋಳು ಇಂಗ್ಲೆಂಡಿಗೆ ಹೋಗವ್ಳೆ."

ಇಲ್ಲಿ ದೊಡ್ಡಪ್ಪನ ಕಡೆಯ ಮಾತನ್ನೂ ದಾಖಲಿಸುವುದು ನ್ಯಾಯ. ತುರುವೇಕೆರೆ ಕಡೆಯಿಂದ ಕಿಬ್ಬನಹಳ್ಳಿಗೆ ಬರುವ ರಸ್ತೆಯಲ್ಲಿ ಇವರ ಊರು. ತೋಟದ ಕೊಬ್ಬರಿಯನ್ನು ತಮ್ಮದೇ ಚಿಕ್ಕ ಗೂಡ್ಸ್ ಗಾಡಿಯಲ್ಲಿ ತಿಪಟೂರು ಮಾರುಕಟ್ಟೆಗೆ ಒಯ್ಯುವುದು ದೊಡ್ಡಪ್ಪನ ಕೆಲಸ, ಹೆಮ್ಮೆ, ಚಟ ಎಲ್ಲವೂ. ಆ ಗಾಡಿಯ ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಮುಟ್ಟಲು ಕೊಟ್ಟವರಲ್ಲ. ಹೋದ ವರ್ಷ ಅವರ ಕಣ್ಣು ಕೈಕೊಟ್ಟಿತು. ನೇರಕ್ಕಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಇದ್ದಷ್ಟು ದೃಷ್ಟಿ ಉಳಿಯಲು ದಿನವೂ ಹನಿ ಬಿಡಬೇಕು, ಗಾಡಿ ಮಾತ್ರ ಓಡಿಸಕೂಡದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ಗಾಡಿ ಕೊಟ್ಟಿಗೆ ಸೇರಿತು. ದೊಡ್ಡಪ್ಪ ಜಗಲಿ ಸೇರಿದರು. ಮಾರುಕಟ್ಟೆಗೆ ಹೋಗುವುದು ನಿಂತಮೇಲೆ ಅವರು ಕೊಬ್ಬರಿಯ ಧಾರಣೆ ಕೇಳುವುದನ್ನೂ ಬಿಟ್ಟರು. ಕಿಬ್ಬನಹಳ್ಳಿಯ ಗಾಡಿ ದಲ್ಲಾಳಿಯೊಬ್ಬರು ಬಂದು ಬಂದು ಕೇಳಿದಾಗ ಕೊನೆಗೆ ದೊಡ್ಡಪ್ಪ ಮಾರಲು ಒಪ್ಪಿಕೊಂಡರು: "ಆಯುಧಪೂಜೆ ಒಂದು ಮಾಡಿ ಕೊಟ್ಬುಡ್ತೀನಿ ಬುಡು."

ದೊಡ್ಡಮ್ಮ ಆಗ ಒಳಗೆ ಇಂಗ್ಲೆಂಡಿನಲ್ಲಿದ್ದರು. ಮಾತು ಕಿವಿಗೆ ಬಿತ್ತು. ಮರುವಾರವೇ "ನಿಮ್ ಕಣ್ಣಿನ ಹನಿ ತತ್ತೀನಿ" ಎಂದು ತುರುವೇಕೆರೆಗೆ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದರು!

ಈ ಗುಟ್ಟು ಮಗಳಿಗೂ ನನಗೂ ಮಾತ್ರ ಗೊತ್ತಿತ್ತು. ಗಾಡಿ ಮಾರಿಹೋದರೆ ದೊಡ್ಡಪ್ಪ ಜಗಲಿಯಿಂದ ಮೇಲೇಳುವುದಿಲ್ಲ ಎಂಬುದು ದೊಡ್ಡಮ್ಮನ ಲೆಕ್ಕ. ಆಯುಧಪೂಜೆಯೊಳಗೆ ತಾವು ಕಲಿಯಬೇಕು, ಅಷ್ಟೇ. ಕಲಿಯುವ ಮೊದಲು ಹೇಳಿದರೆ? "ಅವ್ರು ನಕ್ಬುಡ್ತಾರೆ. ನಕ್ರೆ ನಂಗೆ ಕ್ಲಚ್ಚು ಮರ್ತೋಯ್ತದೆ."

ಮನೆಯಲ್ಲಿ ಕಣ್ಣಿನ ಹನಿಯ ಬಾಟಲಿಗಳು ತುಂಬಿಕೊಂಡವು. "ಕಣ್ಣಿಗೆ ಹನಿ ಬುಡ್ತೀಯೋ, ಕಣ್ಣನ್ನೇ ಈಜಿಗೆ ಬುಡ್ತೀಯೋ?" ಎಂದು ದೊಡ್ಡಪ್ಪ ಕೇಳಿದ್ದೂ ಉಂಟು.

ಮುಂದಕ್ಕೆ ಓಡಿಸುವುದು ಬೇಗ ಬಂತು. ರಿವರ್ಸ್ ಬರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಬ್ರೇಕು, ಕ್ಲಚ್ಚು ಇರುತ್ತದಲ್ಲ? ದೊಡ್ಡಮ್ಮ ತಪ್ಪು ಮಾಡುವ ಮೊದಲೇ ಅವರು ಒತ್ತಿಬಿಡುತ್ತಿದ್ದರು. "ಕಾಸು ನಂದು, ಕಲೀತಿರೋದು ಅವರ ಕಾಲು!" ಎಂದು ದೊಡ್ಡಮ್ಮ ಗೊಣಗಿದರು. ಹಾಗಾಗಿ ರಿವರ್ಸ್ ಅಭ್ಯಾಸ ಪೂರ್ತಿ ಇಂಗ್ಲೆಂಡಿಗೆ ವರ್ಗವಾಯಿತು. ಅಲ್ಲೊಂದು ತೊಡಕು. ಹಿಂದಕ್ಕೆ ಬರಲು ಕನ್ನಡಿ ನೋಡಬೇಕು. ಆಟದೊಳಗೆ ಲಾರಿಯ ಕನ್ನಡಿ ಎಂದರೆ, ಮುಂದಿನ ರಸ್ತೆಯ ಜೊತೆಗೆ ಹಿಂದಿನ ರಸ್ತೆಯನ್ನೂ ಕಂಪ್ಯೂಟರ್ ಅದೇ ಹೊತ್ತಿಗೆ ಬಿಡಿಸಿ ತೋರಿಸಬೇಕು. ಮಗಳ ಹಳೆಯ ಕಂಪ್ಯೂಟರಿಗೆ ಮುಂದಿನದನ್ನು ತೋರಿಸುವಷ್ಟರಲ್ಲೇ ಏದುಸಿರು. ಕನ್ನಡಿ ಹಾಕಿದರೆ ಲಾರಿ ಎತ್ತಿನಗಾಡಿಯಂತೆ ಕುಂಟುತ್ತಿತ್ತು. ತೆಗೆದರೆ ಕನ್ನಡಿಯ ಜಾಗದಲ್ಲಿ ಬರೀ ಕಪ್ಪು. ದೊಡ್ಡಮ್ಮ ಕುರುಡು ಕುರುಡಾಗಿ ಹಿಂದಕ್ಕೆ ಬಂದು ಇಂಗ್ಲೆಂಡಿನ ಅದೆಷ್ಟು ಗೋಡೆಗಳಿಗೆ ಗುದ್ದಿದರೋ, ಆ ದೇಶದವರೇ ಹೇಳಬೇಕು.

ಆದ್ದರಿಂದ ಗ್ರಾಫಿಕ್ಸ್ ಕಾರ್ಡು. ಆಟದ ಚಿತ್ರಗಳನ್ನು ಬಿಡಿಸುವುದೇ ಅದರ ಕಸುಬು.

ಅಂಗಡಿಯವರು ಮೊದಲು ಯಾರೋ ಬಳಸಿ ಬಿಟ್ಟದ್ದೊಂದನ್ನು ತೋರಿಸಿದರು. ದೊಡ್ಡಮ್ಮ ಅದನ್ನು ಮಗುಚಿ, ಮದರ್‌ಬೋರ್ಡಿಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಬೆರಳಾಡಿಸಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಮನೆತನ! "ಹಲ್ಲು ಸವೆದವೆ. ಚೆನ್ನಾಗಿ ಗೇಯ್ಸವ್ರೆ ಇದನ್ನ. ಬ್ಯಾಡ." ಹೊಸದು ಹೊರಗೆ ಬಂತು, ಅಲ್ಲಾಡಿತು, ಒಪ್ಪಿಗೆಯಾಯಿತು. ಇದಕ್ಕೆ ಹಳೆಯ ಪವರ್ ಸಪ್ಲೈ ಸಾಲದು, ಅದನ್ನೂ ಬದಲಿಸಬೇಕು ಎಂದು ಅಂಗಡಿಯವರು ಹೆದರುತ್ತಲೇ ವಿವರಿಸತೊಡಗಿದರು. ದೊಡ್ಡಮ್ಮ ತಡೆದರು. "ಅದೇನ್ ಹೇಳ್ತೀಯಪ್ಪ, ತೋಟದ ಮೋಟ್ರು ದೊಡ್ಡದಾದ್ರೆ ಸ್ಟಾರ್ಟ್ರು ಬದಲಾಯಿಸ್ಬೇಕಲ್ವಾ? ಹಾಕು ಹಾಕು." ಡಿಗ್ರಿ ಮಾಡಿದ ನನಗೆ ಇದೇ ವಿಷಯ ಅರ್ಥವಾಗಲು ಒಂದು ಕಂಪ್ಯೂಟರ್ ಸುಟ್ಟುಹೋಗಬೇಕಾಯಿತು.

ಕಾರ್ಡು ಕೂತಿತು. ಕನ್ನಡಿ ಬೆಳಗಿತು. "ಅಯ್ಯೋ ಶಿವನೇ, ಹಿಂದ್ಗಡೆ ಕುರಿಗಳು ಮೇಯ್ತಾ ಅವೆ ಕಣೋ!" ಎಂದು ದೊಡ್ಡಮ್ಮ ಕೂಗಿದ್ದು ಜಗಲಿಯವರೆಗೂ ಕೇಳಿಸಿತು. ಆ ಇಡೀ ಮಧ್ಯಾಹ್ನ ಅವರು ಎಲ್ಲಿಗೂ ಸರಕು ಒಯ್ಯಲಿಲ್ಲ. ಲಾರಿ ನಿಲ್ಲಿಸಿಕೊಂಡು ಕನ್ನಡಿಯಲ್ಲಿ ಕುರಿ ನೋಡಿದರು.

ಹತ್ತು ಹದಿನೈದು ದಿನಕ್ಕೆ ಹೊಸ ರೋಗ ಶುರುವಾಯಿತು. ಗೋದಾಮಿನ ಬಾಗಿಲು ಹತ್ತಿರ ಬರುತ್ತಿದ್ದಂತೆ ಕಂಪ್ಯೂಟರ್ ತಾನೇ ಆರಿಹೋಗುವುದು. ಅಂಗಡಿಯವರಿಗೆ ಫೋನು ಹೋಯಿತು.

"ಫ್ಯಾನ್ ತಿರುಗ್ತೈತಾ ಅಮ್ಮಾ?"

"ತಿರುಗ್ತೈತೆ. ಬಿಸಿಗಾಳಿ ಜೋರಾಗೇ ಬತ್ತೈತೆ."

"ಗಾಳಿ ಆಡೋಕೆ ಜಾಗ ಐತಾ? ಸುತ್ತ ಏನಾದ್ರೂ ಇಟ್ಟಿದ್ದೀರಾ?"

"ಏನೂ ಇಲ್ಲಪ್ಪ. ಕಾಯಿ ಅಷ್ಟೇ."

"ಏನ್ ಕಾಯಿ?"

"ತೆಂಗಿನಕಾಯಿ ಕಣಪ್ಪ! ಅಷ್ಟೊಂದು ಬಿಸಿಗಾಳಿ ಸುಮ್ನೆ ಆಚೆ ಹೋಯ್ತಿತ್ತು. ಕಾಯಿನಾದ್ರೂ ಒಣಗ್ಲಿ ಅಂತ ಸುತ್ತ ಪೇರಿಸಿದ್ದೀನಿ."

ಮೊದಲು ಅದನ್ನೆಲ್ಲ ತೆಗೆಸಿ ಎಂದು ಅಂಗಡಿಯವರು ಕೂಗಿಕೊಂಡರು. ಬೇರೆ ಯಾವ ಸೀಮೆಯವರಿಗೂ ಈ ಉಪಾಯ ಹೊಳೆದಿರಲಾರದು. ನಾನು ಹೋಗಿ ಕಾಯಿಗಳನ್ನು ಅಟ್ಟಕ್ಕೆ ಸಾಗಿಸಿ, ಫ್ಯಾನಿಗೆ ಸುತ್ತಿಕೊಂಡಿದ್ದ ನಾರನ್ನು ಬಿಡಿಸಿದೆ. ಕಾರ್ಡು ಬದುಕಿತು. ದೊಡ್ಡಮ್ಮ ಒಂದು ಕಾಯಿಯನ್ನು ಎತ್ತಿ ಅಲ್ಲಾಡಿಸಿ, "ಬೇಕಾದ್ರೆ ಕೇಳು, ಇದು ಆಗ್ಲೇ ನೀರು ಕಮ್ಮಿ ಮಾಡ್ಕಂಡೈತೆ" ಎಂದರು. ಈ ಹೇಳಿಕೆಯನ್ನು ಖಚಿತಪಡಿಸಿಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ಆಯುಧಪೂಜೆ ಬಂತು. ದೊಡ್ಡಪ್ಪ ಗಾಡಿಯನ್ನು ತಾವೇ ತೊಳೆದರು. ಕಣ್ಣಿಗಿಂತ ಹೆಚ್ಚಾಗಿ ಅಂಗೈಯಿಂದ ತೊಳೆದರು. ವಿಭೂತಿ ಬಳಿದರು, ಬಾಳೆಕಂದು ಕಟ್ಟಿದರು. ದಲ್ಲಾಳಿಯೂ ಬಂದು ಜಗಲಿಯಲ್ಲಿ ಕೂತಿದ್ದರು. ಪೂಜೆ ಮುಗಿದು ಚಕ್ರಗಳ ಹಿಂದೆ ನಿಂಬೆಹಣ್ಣು ಇಟ್ಟಾಯಿತು. ಇನ್ನು ಯಾರಾದರೂ ಗಾಡಿ ಸರಿಸಿ ಹಣ್ಣು ತುಳಿಸಬೇಕು. ದೊಡ್ಡಪ್ಪ ಕೀಲಿ ಹಿಡಿದು ಸುಮ್ಮನೆ ನಿಂತರು. ಗಾಡಿಯ ಮುಖ ಕೊಟ್ಟಿಗೆಯ ಒಳಕ್ಕಿತ್ತು. ಹೊರಗೆ ಬರುವುದಾದರೆ ಹಿಂದಕ್ಕೇ ಬರಬೇಕು, ಒಂದು ಪಕ್ಕ ಕಲ್ಲುಕಂಬ, ಇನ್ನೊಂದು ಪಕ್ಕ ಕಾಯಿಯ ರಾಶಿ.

"ಕೊಡಿ ಯಜಮಾನ್ರೇ, ನಾನ್ ತೆಗೀತೀನಿ" ಎಂದು ದಲ್ಲಾಳಿ ಎದ್ದರು. "ಹೆಂಗೂ ನಾಳೆಯಿಂದ ನಾನೇ ಅಲ್ವಾ?"

ದೊಡ್ಡಮ್ಮ ಮಂಗಳಾರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ದೊಡ್ಡಪ್ಪನ ಕೈಯಿಂದ ಕೀಲಿ ತೆಗೆದುಕೊಂಡರು. ಸೆರಗು ಸಿಕ್ಕಿಸಿ ಹತ್ತಿ ಕೂತರು. ಯಾರೂ ನಗಲಿಲ್ಲ. ನಗಲು ಪುರುಸೊತ್ತೇ ಇರಲಿಲ್ಲ. ಎಂಜಿನ್ ಗುಡುಗಿತು. ದೊಡ್ಡಮ್ಮನ ತಲೆ ಬಲಕ್ಕೊಮ್ಮೆ ತಿರುಗಿತು, ಎಡಕ್ಕೊಮ್ಮೆ ತಿರುಗಿತು. ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಗಾಡಿ ಕಲ್ಲುಕಂಬಕ್ಕೆ ತಾಕದೆ, ಒಂದು ಕಾಯಿಯನ್ನೂ ಉರುಳಿಸದೆ ಅಂಗಳಕ್ಕೆ ಬಂದು ನಿಂತಿತು.

ದೊಡ್ಡಪ್ಪ ಕಿವಿಗೊಟ್ಟು ನಿಂತಿದ್ದರು. "ಗೇರು ಕಿರ್ ಅನ್ನಲಿಲ್ವಲ್ಲೇ! ಎಲ್ಲಿ ಕಲ್ತೆ?"

"ಇಂಗ್ಲೆಂಡಲ್ಲಿ ಕಣ್ರೀ. ಹತ್ತಿ."

ದೊಡ್ಡಪ್ಪ ಗಾಡಿಯ ಮೈ ಸವರುತ್ತಾ ಮುಂಭಾಗ ಬಳಸಿ ಎಡಗಡೆಗೆ ಹೋದರು. ಅಲ್ಲಿ ಅವರ ಕೈ ಬಾಗಿಲ ಮೇಲೆ ತಡಕಾಡಿತು. ಇಷ್ಟು ವರ್ಷ ಓಡಿಸಿದ ಗಾಡಿಯ ಎಡಬಾಗಿಲಿನ ಹಿಡಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಒಳಗಿನಿಂದ ಬಗ್ಗಿ ಬಾಗಿಲು ತೆರೆದರು. ದಲ್ಲಾಳಿ ಪ್ರಸಾದ ತೆಗೆದುಕೊಂಡು ಕಿಬ್ಬನಹಳ್ಳಿ ಬಸ್ಸು ಹತ್ತಿದರು.

ದೀಪಾವಳಿ ಕಳೆದ ಮೇಲೆ ದೊಡ್ಡಮ್ಮನ ಲೈಸೆನ್ಸ್ ಬಂತು. ಈ ಸೋಮವಾರ ಬೆಳಿಗ್ಗೆ ನಾನು ಅವರಿಗೆ ಫೋನು ಮಾಡಿದಾಗ ಎತ್ತಿದ್ದು ದೊಡ್ಡಪ್ಪ. ಹಿಂದೆ ಎಂಜಿನ್ ಸದ್ದು ಕೇಳಿಸುತ್ತಿತ್ತು. "ಕೊಬ್ಬರಿ ಹಾಕ್ಕಂಡು ತಿಪಟೂರಿಗೆ ಹೊಂಟಿದ್ದೀವಿ ಕಣ್ಲಾ. ಆಮೇಲ್ ಮಾಡು. ಈಗ ನಾನು ಎಡಗಡೆ ನೋಡ್ಕಬೇಕು" ಎಂದು ಹೇಳಿ ಫೋನಿಟ್ಟರು.