ಒಂದೇ ನಂಬರಿನ ಮನೆತನ

ದೊಡವಾಡದಲ್ಲಿ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದ ಕಲ್ಮೇಶನಿಗೆ ಒಂದು ದರಿದ್ರ ರೂಢಿಯಿತ್ತು. ಮೊಬೈಲ್ ನಂಬರು ನೆನಪಿಲ್ಲದವರು ಬಂದರೆ ಆ ಖಾನೆಯಲ್ಲಿ ತನ್ನದನ್ನೇ ಒತ್ತಿಬಿಡುತ್ತಿದ್ದ. ರೇಷನ್ ಕಾರ್ಡಿಗೂ ಅದೇ, ಹೊಲದ ಪಹಣಿ ಉತಾರಕ್ಕೂ ಅದೇ, ಎಮ್ಮೆಯ ಕಿವಿಗೆ ಹೊಡೆಯುವ ಬಿಲ್ಲೆಗೂ ಅದೇ.

ಅಷ್ಟರಲ್ಲಿ ಮೇಲಿನ ಮಹಾಬುದ್ಧಿವಂತರಿಗೆ ಎಲ್ಲ ಇಲಾಖೆಗಳ ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸುವ ಹುಕಿ ಬಂತು. ಯಾರ ಕಡತವನ್ನೂ ಮುಟ್ಟುವುದಿಲ್ಲ, ನಡುವೆ ಕೊಂಡಿಯಷ್ಟೇ ಹಾಕುತ್ತೇವೆ ಎಂದು ಅವರು ಎದೆ ತಟ್ಟಿಕೊಂಡರು. ಒಂದು ನಂಬರೆಂದರೆ ಒಂದು ಮನೆ, ಅದರೊಳಗಿನ ನಂಟನ್ನು ಕಂಪ್ಯೂಟರೇ ಹೊಂದಿಸುತ್ತದೆ ಎಂಬುದು ಅವರ ಲೆಕ್ಕ. ಹಳ್ಳಿಯನ್ನು ನಕಾಶೆಯಲ್ಲಿ ಮಾತ್ರ ಕಂಡವರ ಲೆಕ್ಕ ಅದು.

ಅಂದು ಕಲ್ಮೇಶನ ಮದುವೆಯ ನೋಂದಣಿ. ಸರಕಾರದ ಕಾಗದ ಕೈಗೆ ಬರುವವರೆಗೆ ಮಗಳನ್ನು ಕೊಡುವುದಿಲ್ಲವೆಂದು ಹಟ ಹಿಡಿದಿದ್ದ ಉಗರಗೋಳದ ನಿಜಗುಣಪ್ಪ, ಮಗಳು ಶಿವಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಚೇರಿಯಲ್ಲಿ ಕಾದಿದ್ದ. ಗುಮಾಸ್ತೆ ರಾಜೇಶ್ವರಿ ಪರದೆಯಿಂದ ತಲೆ ಎತ್ತಲಿಲ್ಲ.

“ನಿಮ್ಮ ಮನ್ಯಾಗ ನೂರಾ ನಲವತ್ಮೂರು ಮಂದಿ ಅದಾರಿ. ಹೆಂಡ್ತಿ ರಾಚವ್ವ, ವಯಸ್ಸು ಎಂಬತ್ನಾಲ್ಕು. ಆಕಿ ಇರೂಮಟ ಇನ್ನೊಂದು ಲಗ್ನ ಬರಕೊಳ್ಳಾಕ ಆಗೂದಿಲ್ರಿ.”

ನಿಜಗುಣಪ್ಪನ ಮುಖ ಗಂಟಾಯಿತು. “ಅಳಿಯಂದ್ರ, ಈ ರಾಚವ್ವ ಯಾರ್ರಿ?”

ಪಿಂಚಣಿ ಅರ್ಜಿ ತುಂಬಿಸಿಕೊಂಡ ಮುದುಕಿ ಎಂದು ಕಲ್ಮೇಶ ಎಷ್ಟು ಹೇಳಿದರೂ ಮಾವನಿಗೆ ನಂಬಿಕೆ ಬರಲಿಲ್ಲ. ಅಳಿಯ ರೇಷನ್‌ನವರಲ್ಲಿಗೆ ಓಡಿದ. ನಮ್ಮ ಕಡತ ಸರಿಯಿದೆ, ಕೊಂಡಿ ತಪ್ಪಿರಬೇಕು ಎಂದರು. ಕಂದಾಯದವರೂ ಅದನ್ನೇ ಹೇಳಿದರು. ದನದ ಡಾಕ್ಟರು ಮಾತ್ರ, ಅರವತ್ತೊಂದು ಎಮ್ಮೆಯ ಸಾಹುಕಾರನೆಂದು ಎದ್ದು ನಿಂತು ಕುರ್ಚಿ ಕೊಟ್ಟರು. ಕೊಂಡಿಯ ಉಸ್ತುವಾರಿ ಯಾರದೆಂದು ಕೇಳಿದರೆ ಎಲ್ಲರೂ ಮೇಲಕ್ಕೆ ಬೆರಳು ತೋರಿಸಿದರು. ಮೇಲೆ ಫ್ಯಾನು ತಿರುಗುತ್ತಿತ್ತು.

ಕಚೇರಿ ಮುಚ್ಚುವ ಹೊತ್ತಿಗೆ ಅವನು ಬೆವರೊರೆಸುತ್ತ ಮರಳಿ ಬಂದ. ರಾಜೇಶ್ವರಿಗೂ ಕನಿಕರ ಬಂದಿತ್ತು. ಬೇರೆ ನಂಬರು ಕೊಟ್ಟರೆ ಅವನೊಬ್ಬನನ್ನು ಆ ಸಂಸಾರದಿಂದ ಬಿಡಿಸಬಹುದು, ಆದರೆ ವರ್ಷಕ್ಕೆ ಒಂದೇ ಸಲ ಬದಲಿಸಲು ಬರುತ್ತದೆ ಎಂದಳು.

ಕಲ್ಮೇಶನ ಬಳಿ ಇದ್ದುದು ಒಂದೇ ನಂಬರು. ರೂಢಿ ಎಲ್ಲಿ ಬಿಡುತ್ತದೆ? ಪಕ್ಕಕ್ಕೆ ತಿರುಗಿ, “ಮಾವಾರ, ನಿಮ್ಮ ನಂಬರ್ ಹೇಳ್ರಿ” ಎಂದ. ರಾಚವ್ವನ ಕಾಟ ತಪ್ಪಿದರೆ ಸಾಕೆಂದು ನಿಜಗುಣಪ್ಪ ಹತ್ತೂ ಅಂಕಿಗಳನ್ನು ಖುಷಿಯಿಂದ ಒಪ್ಪಿಸಿದ.

ರಾಚವ್ವ ಪರದೆಯಿಂದ ಮಾಯವಾದಳು. ಕಲ್ಮೇಶ ನಿಟ್ಟುಸಿರು ಬಿಟ್ಟ. ರಾಜೇಶ್ವರಿ ಮತ್ತೊಂದು ಗುಂಡಿ ಒತ್ತಿ, ಹೊಸ ಸಂಸಾರವನ್ನು ನಿಧಾನವಾಗಿ ಓದಿದಳು.

“ತಂದಿ ನಿಜಗುಣಪ್ಪ. ಮಗಾ ಕಲ್ಮೇಶ, ಮಗಳು ಶಿವಾನಿ. ಒಡಹುಟ್ಟಿದವರ ಲಗ್ನ ಬರಕೊಳ್ಳಾಕ ಬರೂದಿಲ್ರಿ. ಬರೂ ವರ್ಷ ಬರ್ರಿ.”

ಶಿವಾನಿ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಕಲ್ಮೇಶನ ಕಡೆ ತಿರುಗಿದಳು.

“ಅಣ್ಣಾ, ನಮ್ಮ ಬಸ್ ಬಂತು,” ಎಂದಳು. “ಹೊತ್ತಾತು, ನೀನೂ ಊರಿಗೆ ಹೋಗು.”