ಹಿಟ್ಟಿನ ಡಬ್ಬಿಯ ಕಂಪ್ಯೂಟರ್

ನಮ್ಮ ಮೈದುನನನ್ನು ಕಳ್ಳ ಎಂದು ಕರೆದರೆ ಕಳ್ಳರು ಬೇಜಾರು ಮಾಡಿಕೊಂಡಾರು! ಕಳ್ಳನಾದವನು ಕದ್ದ ಮಾಲನ್ನು ಹೊರಗೆ ಸಾಗಿಸುತ್ತಾನೆ. ಈ ಮಹಾನುಭಾವ ನನ್ನ ಅಡುಗೆಮನೆಯ ಸಾಮಾನನ್ನೇ ಎತ್ತಿಕೊಂಡು ಹೋಗಿ, ಕೊರೆದು, ಬಗ್ಗಿಸಿ, ಮತ್ತೆ ನನ್ನ ಮುಂದೆಯೇ ತಂದಿಟ್ಟು "ಹೆಂಗೈತ್ರಿ ವೈನಿ?" ಎಂದು ಕೇಳುತ್ತಾನೆ. ಹೊಗಳಬೇಕಂತೆ ಬೇರೆ!

ಮಸ್ಕಿಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡು ತೆಪ್ಪಗಿದ್ದವನು ತೊಂಬತ್ತರ ದಶಕದಲ್ಲಿ ಒಮ್ಮೆ ಹೈದರಾಬಾದಿಗೆ ಹೋದವನೇ ಉಳ್ಳಾಗಡ್ಡಿ ಚೀಲದಲ್ಲಿ ಕಂಪ್ಯೂಟರ್ ತಂದ. ಅಂದರೆ ಅದರ ಕರುಳು, ಗುಂಡಿಗೆ, ನರಗಳನ್ನು ತಂದ. ಮೈ ಮಾತ್ರ ಇರಲಿಲ್ಲ.

"ಇದರ ಪೆಟ್ಟಿಗಿ ಎಲ್ಲೋ?"

"ಪೆಟ್ಟಿಗಿ ಯಾಕ್ರಿ ವೈನಿ? ಕೆಲಸ ಮಾಡೋದು ಒಳಗಿನ ಮಾಲು. ಪೆಟ್ಟಿಗಿ ನಾನ ಮನ್ಯಾಗ ಮಾಡತೀನಿ."

ಆಗಲೇ ನಾನು ಅಡುಗೆಮನೆಗೆ ಬೀಗ ಜಡಿಯಬೇಕಿತ್ತು.

ಮೊದಲ ಬಲಿ ಮಾವನವರ ಚಪ್ಪಲಿ. ಕರೆಂಟು ಪೆಟ್ಟಿಗೆಯ ತಗಡಿಗೆ ತಾಗದ ಹಾಗೆ ಕೆಳಗೆ ರಬ್ಬರಿನ ತುಂಡು ಬೇಕಂತೆ! ಎಡಗಾಲಿನದನ್ನು ಮಾತ್ರ ಕತ್ತರಿಸಿದ್ದ.

"ಲೇ, ಇನ್ನೊಂದು ಯಾಕ ಉಳಿಸೀದಿ?" ಮಾವ ಗುಡುಗಿದರು.

"ಮುಂದ ರಿಪೇರಿಗೆ ಬೇಕಾಗತೈತಪ್ಪಾ!"

ಆಮೇಲೆ ಹೋದದ್ದು ನಾನು ಹಿಟ್ಟು ಸೋಸುವ ಸಾಣಿಗೆ. ಕಂಪ್ಯೂಟರಿಗೆ ಗಾಳಿ ಹೋಗಬೇಕಂತೆ, ಧೂಳು ಹೋಗಬಾರದಂತೆ. ಮನೆ ಮಂದಿಯ ಹೊಟ್ಟೆಗೆ ಹೊಟ್ಟು ಹೋದರೆ ಪರವಾಗಿಲ್ಲವೇ? ಅದನ್ನೂ ನುಂಗಿಕೊಂಡೆ. ಆದರೆ ಒಂದು ಬೆಳಿಗ್ಗೆ ರೊಟ್ಟಿಗೆಂದು ಕೈ ಹಾಕಿದರೆ ಹಿಟ್ಟಿನ ಡಬ್ಬಿಯೇ ಇಲ್ಲ!

"ಹಿಟ್ಟು ಎಲ್ಲೂ ಹೋಗಿಲ್ರಿ ವೈನಿ. ತಲಿದಿಂಬಿನ ಚೀಲದಾಗ ಐತಿ."

ಹಿಟ್ಟಿಗೆ ಬೆಂಕಿ ಬೀಳಲಿ! ಅದೆಂಥ ಡಬ್ಬಿ ಗೊತ್ತೇ? ನನ್ನ ಮದುವೆಗೆಂದು ನಮ್ಮವ್ವ ತವರೂರು ಮುಕ್ಕುಂದದಿಂದ ಸಿಂಧನೂರಿಗೆ ಹೋಗಿ ಆರಿಸಿ ತಂದ ಚೌಕನೆಯ ಸ್ಟೀಲಿನ ಡಬ್ಬಿ. ಅದರ ಮೇಲೆ ಅಂಗಡಿಯವನಿಂದ ಚುಕ್ಕಿ ಚುಕ್ಕಿಯಾಗಿ 'ಈರಮ್ಮ, ಮುಕ್ಕುಂದ' ಎಂದು ತನ್ನ ಹೆಸರು ಹೊಡೆಸಿದ್ದಳು. ಓದಲು ಬಾರದವಳು, ಬೆರಳಾಡಿಸಿ ನೋಡಿ "ಬರೋಬ್ಬರಿ ಐತಿ" ಎಂದಿದ್ದಳಂತೆ. ಅವಳು ತೀರಿಕೊಂಡ ಮೇಲೆ ಅವಳದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ಅಳುತ್ತ ಕೂಗಾಡಿದೆ. ನಮ್ಮ ಯಜಮಾನರು "ಹೋಗ್ಲಿ ಬಿಡು, ಹೊಸಾದು ತರೋಣು" ಎಂದರು. ಗಂಡಸರಿಗೆ ಡಬ್ಬಿ ಎಂದರೆ ಬರೀ ಡಬ್ಬಿ!

ಕಂಪ್ಯೂಟರಿನ ಕರುಳು, ಗುಂಡಿಗೆಯನ್ನೆಲ್ಲ ಡಬ್ಬಿಗೆ ತುಂಬಿ ಮೊದಲ ಸಲ ಗುಂಡಿ ಒತ್ತಿದಾಗ ಒಳಗಿನ ಫ್ಯಾನು ತಿರುಗಿ, ಮೂಲೆಯಲ್ಲಿ ಉಳಿದಿದ್ದ ಜೋಳದ ಹಿಟ್ಟೆಲ್ಲ ಸಾಣಿಗೆಯಿಂದ ಹಾರಿ ಅವನ ಮೀಸೆಗೆ ಮೆತ್ತಿಕೊಂಡಿತು. ಸುಳ್ಳೇಕೆ ಹೇಳಲಿ, ತುಸು ಸಮಾಧಾನವಾಯಿತು.

ಅದನ್ನೊಯ್ದು ಬಸ್‌ಸ್ಟ್ಯಾಂಡಿನ ಪಕ್ಕ ಟೈಪಿಂಗ್ ಅಂಗಡಿ ತೆರೆದ. ಕೆಲವೇ ದಿನಗಳಲ್ಲಿ ಸುದ್ದಿ ಬಂತು. ಲಿಂಗಸುಗೂರಿನ ಮಾಸ್ತರರೊಬ್ಬರು ಡಬ್ಬಿಯ ಮೇಲಿನ ಹೆಸರು ಓದಿ, "ಈರಮ್ಮ ಕಂಪನೀದೇನ್ರಿ? ಮುಕ್ಕುಂದದಾಗ ಕಂಪ್ಯೂಟರ್ ಫ್ಯಾಕ್ಟರಿ ಆಗೈತೇನು?" ಎಂದು ಕೇಳಿದರಂತೆ. ಇವನು "ಹೌದ್ರಿ, ಭಾಳ ಗಟ್ಟಿ ಮಾಲು" ಎಂದನಂತೆ! ನಮ್ಮವ್ವನನ್ನು ಸಂತೆಯ ಮಾಲು ಮಾಡಿದನಲ್ಲ! ಸಿಟ್ಟು ನೆತ್ತಿಗೇರಿತು. ಡಬ್ಬಿಯನ್ನು ಹೊತ್ತು ತರಲು ಒಂದು ಗೋಣಿಚೀಲ ಹಿಡಿದುಕೊಂಡೇ ಹೋದೆ.

ಅಂಗಡಿಯಲ್ಲಿ ಕರೆಂಟು ಹೋಗಿ ಆಗಷ್ಟೇ ಬಂದಿತ್ತು. ಡಬ್ಬಿಯ ಮೈತುಂಬ ತೂತು ಕೊರೆದಿದ್ದ. ಆದರೆ ಹೆಸರಿನ ಸುತ್ತ ಅಂಗೈಯಗಲ ಜಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅರ್ಜಿ ಹಿಡಿದ ಮುದುಕನೊಬ್ಬ ಬಾಗಿಲಲ್ಲಿ ಇಣುಕಿ ಕೇಳಿದ:

"ಈರಮ್ಮ ಎದ್ದಾಳೇನಪಾ?"

"ಎದ್ದಾಳ, ಬಾ ಯಜ್ಜಾ."

ನಮ್ಮವ್ವನ ಹೆಸರು ಹಿಡಿದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ನಾನು ಡಬ್ಬಿಯ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಕಣ್ಣು ತುಂಬಿ ಬಂತು.

"ಒಯ್ಯಾಕ ಬಂದೀರೇನ್ರಿ ವೈನಿ?" ಮೈದುನ ಮೆತ್ತಗೆ ಕೇಳಿದ.

"ಒಯ್ಯೋದಿರ್ಲಿ, ಎಷ್ಟು ಧೂಳು ಕುಂತೈತಿ ನೋಡು! ಹಿಂಗ ಇಡತಾರೇನೋ ಆಕೀನ್ನ?" ಎಂದು ಚೆನ್ನಾಗಿ ಬೈದು, ನನ್ನ ಸೆರಗಿನಿಂದಲೇ ಅವ್ವನ ಹೆಸರನ್ನು ಒರೆಸಿದೆ. ತಂದಿದ್ದ ಚೀಲವನ್ನು ಡಬ್ಬಿಯ ಅಡಿಗೆ ಮೆತ್ತಗೆ ಹಾಸಿ, ಮನೆಗೆ ಬಂದೆ.